ಮರಕ್ಕೆಷ್ಟು, ಕೈಗೆಷ್ಟು, ಹೆಸರಿಗೆಷ್ಟು?

ವೀಣೆ ಕೊಳ್ಳಲು ಹೋದವರು ಮೊದಲು ವಿಚಾರಿಸುವುದು ಮರದ ವಿಷಯ. ವಿಚಾರಿಸಬೇಕಾದ್ದೇ, ಏಕೆಂದರೆ ಅಲ್ಲಿ ನಾದ ಹೊಮ್ಮುವುದು ಹಲಸಿನ ಕೊಡದಿಂದ. ಎಲೆಕ್ಟ್ರಿಕ್ ಗಿಟಾರ್ ಹುಟ್ಟಿದ್ದು ಮಾತ್ರ ಈ ಲೆಕ್ಕವನ್ನು ಬದಿಗೊತ್ತಿ. 1932ರಲ್ಲಿ ಲಾಸ್ ಏಂಜಲೀಸ್‌ನ ಜಾರ್ಜ್ ಬೀಚಮ್ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ಮಾರಾಟಕ್ಕಿಟ್ಟ, ತೊಡೆಯ ಮೇಲಿಟ್ಟು ನುಡಿಸುವ ಗಿಟಾರು ಎರಕದ ಅಲ್ಯೂಮಿನಿಯಂನದು. ಅದಕ್ಕೆ ಬಿದ್ದ ಅಡ್ಡಹೆಸರು 'ಫ್ರೈಯಿಂಗ್ ಪ್ಯಾನ್'. ಉಕ್ಕಿನ ತಂತಿ ಅಯಸ್ಕಾಂತದ ಬಳಿ ಕಂಪಿಸಿದರೆ ತಾಮ್ರದ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ, ಆಂಪ್ಲಿಫೈಯರ್ ಅದನ್ನು ಸದ್ದಾಗಿಸುತ್ತದೆ. ಪಿಕಪ್ಪಿನ ಕೆಲಸ ಇಷ್ಟೇ. ಹಾಗಾದರೆ ಇಂದು ಹದಿನೈದು ಸಾವಿರಕ್ಕೂ ಸಿಗುವ, ಮೂರು ಲಕ್ಷಕ್ಕೂ ಸಿಗುವ ಗಿಟಾರುಗಳ ನಡುವಿನ ಅಂತರ ಯಾವುದರ ಬೆಲೆ?

ಈ ಪ್ರಶ್ನೆಯನ್ನು ಹರಿತಗೊಳಿಸಿದವನು ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್. ಮೂಲತಃ ರೇಡಿಯೋ ರಿಪೇರಿಯವನು. ಗಿಟಾರ್ ನುಡಿಸಲು ಕೊನೆಯವರೆಗೂ ಕಲಿಯಲಿಲ್ಲ. 1951ರ ಟೆಲಿಕಾಸ್ಟರ್, 1954ರ ಸ್ಟ್ರಾಟೋಕಾಸ್ಟರ್ ಎರಡಕ್ಕೂ ಗಟ್ಟಿ ಹಲಗೆಯ ಒಡಲು, ನಾಲ್ಕು ಸ್ಕ್ರೂಗಳಲ್ಲಿ ಬಿಗಿದ ಕತ್ತು. ಕತ್ತು ಸವೆದರೆ ಬಿಚ್ಚಿ ಹೊಸದನ್ನು ಹಾಕಿದರಾಯಿತು. ಕಾರ್ಖಾನೆಗೆ ಒಗ್ಗುವಂತೆ ರೂಪುಗೊಂಡ ವಾದ್ಯ ಇದು. ಮಿಶಿಗನ್‌ನ ಕಲಮಜೂವಿನಲ್ಲಿದ್ದ ಗಿಬ್ಸನ್ ಕಂಪನಿ 1952ರಲ್ಲಿ ಹೊರತಂದ ಲೆಸ್ ಪಾಲ್ ಹಳೆಯ ಪಂಥದ್ದು: ಮಹಾಗನಿಯ ಮೇಲೆ ಮೇಪಲ್ ಹೊದಿಸಿ, ಉಬ್ಬುತಗ್ಗು ಕೆತ್ತಿ, ಕತ್ತನ್ನು ಅಂಟಿನಿಂದ ಕೂಡಿಸಿದ್ದು. ಗಿಬ್ಸನ್ನಿನ ಸೆತ್ ಲವರ್ ಎರಡು ಸುರುಳಿಗಳನ್ನು ವಿರುದ್ಧವಾಗಿ ಜೋಡಿಸಿ ಕರೆಂಟಿನ ಗುಂಯ್‌ಗುಟ್ಟುವಿಕೆಯನ್ನು ಅಡಗಿಸಿದ. 1957ರ ಹೊತ್ತಿಗೆ ಆ ಹಂಬಕರ್ ಪಿಕಪ್ ಲೆಸ್ ಪಾಲ್‌ಗೆ ಬಂತು.

ತಮಾಷೆಯೆಂದರೆ, ಇಂದು ಲಕ್ಷಗಟ್ಟಲೆ ಡಾಲರಿಗೆ ಕೈಬದಲಾಗುವ 1958ರಿಂದ 60ರವರೆಗಿನ ಸನ್‌ಬರ್ಸ್ಟ್ ಬಣ್ಣದ ಲೆಸ್ ಪಾಲ್ ಆಗ ಸರಿಯಾಗಿ ಮಾರಾಟವಾಗದೆ ನಿಂತೇಹೋಯಿತು. 1966ರಲ್ಲಿ ಜಾನ್ ಮೇಯಲ್‌ನ ತಂಡದ ಆಲ್ಬಮ್‌ನಲ್ಲಿ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಅದರಿಂದ ಹೊರಡಿಸಿದ ದಪ್ಪ ದನಿಯನ್ನು ಕೇಳಿದ ಮೇಲೆ ಜನ ಅದನ್ನು ಹುಡುಕಿಕೊಂಡು ಹೊರಟರು. ಗಿಬ್ಸನ್ 1968ರಲ್ಲಿ ಮತ್ತೆ ಲೆಸ್ ಪಾಲ್ ತಯಾರಿಕೆಗೆ ಇಳಿಯಬೇಕಾಯಿತು. ಹಳೆಯ ಗಿಟಾರಿನ ಮರವೂ ಪಿಕಪ್ಪೂ ಇದ್ದ ಹಾಗೇ ಇದ್ದವು, ಏರಿದ್ದು ಬೆಲೆ ಮಾತ್ರ.

1965ರಲ್ಲಿ ಫೆಂಡರ್ ಕಂಪನಿಯನ್ನು ಪ್ರಸಾರ ಸಂಸ್ಥೆ ಸಿಬಿಎಸ್ 1.3 ಕೋಟಿ ಡಾಲರಿಗೆ ಕೊಂಡಿತು. ಬರಬರುತ್ತ ಕೆಲಸ ಸಡಿಲವಾಯಿತೆಂದು ವಾದಕರು ಗೊಣಗಿದರು. 'ಪ್ರೀ-ಸಿಬಿಎಸ್', ಅಂದರೆ ಅದಕ್ಕೂ ಮುಂಚಿನ ಗಿಟಾರುಗಳಿಗೆ ಬೇಡಿಕೆ ಹುಟ್ಟಿತು. ಆ ಸಂದಿಯಲ್ಲಿ ನುಗ್ಗಿದ್ದು ಜಪಾನ್. ಅಲ್ಲಿನ ನಕಲುಗಳು ಎಷ್ಟು ಚೆನ್ನಾಗಿದ್ದವೆಂದರೆ 1977ರಲ್ಲಿ ಗಿಬ್ಸನ್‌ನ ಒಡೆಯರು ಜಪಾನಿನ ಐಬನೀಜ್‌ನ ಅಮೆರಿಕದ ವಿತರಕರ ಮೇಲೆ ದಾವೆ ಹೂಡಿದರು. ಫೆಂಡರ್ ಇನ್ನೂ ಜಾಣತನ ತೋರಿತು: 1982ರಲ್ಲಿ ಮಾಟ್ಸುಮೊಟೋದ ಫುಜಿಗೆನ್ ಕಾರ್ಖಾನೆಯಲ್ಲೇ ತನ್ನ ಗಿಟಾರುಗಳನ್ನು ಮಾಡಿಸಿತು. ನನ್ನ ಮಟ್ಟಿಗೆ ಈ ಇತಿಹಾಸದ ದೊಡ್ಡ ತಿರುವು ಇದೇ. ಆಮೇಲೆ ಕೊರಿಯಾ, ಇಂಡೋನೇಷ್ಯಾ, ಚೀನಾ ಬಂದವು. ಮರ ಕೊರೆಯಲು ಕಂಪ್ಯೂಟರ್ ಹೇಳಿದಂತೆ ಕೇಳುವ ಯಂತ್ರಗಳು ಬಂದವು. ಒಡಲಿನ ಆಕಾರ, ಕತ್ತಿನ ಕೂಡುವಿಕೆ ಈಗ ಅಗ್ಗದ ಗಿಟಾರಿನಲ್ಲೂ ಕರಾರುವಾಕ್ಕು.

ಉಳಿದದ್ದು ಫ್ರೆಟ್, ವೀಣೆಯಲ್ಲಾದರೆ ಮೆಟ್ಟಿಲು. ವೀಣೆ ಮಾಡುವವರು ಮೇಣದ ಮೇಲೆ ಒಂದೊಂದೇ ಮೆಟ್ಟಿಲನ್ನು ಕಿವಿಗೊಟ್ಟು ಕೂರಿಸುತ್ತಾರೆ. ಗಿಟಾರಿನಲ್ಲಿ ಜಾಗ ಹುಡುಕುವ ಕಷ್ಟವಿಲ್ಲ. ಉಳಿದ ತಂತಿಯುದ್ದವನ್ನು 17.817ರಿಂದ ಭಾಗಿಸುತ್ತ ಹೋದರೆ ಮುಂದಿನ ಫ್ರೆಟ್‌ನ ಸ್ಥಾನ ಸಿಗುತ್ತದೆ. ಕಷ್ಟವಿರುವುದು ಎತ್ತರದಲ್ಲಿ. ಇಪ್ಪತ್ತೆರಡು ಫ್ರೆಟ್‌ಗಳಲ್ಲಿ ಒಂದೇ ಒಂದು ಕೂದಲೆಳೆಯಷ್ಟು ಮೇಲೆದ್ದಿದ್ದರೂ ತಂತಿ ಕಿರಿಕಿರಿಗುಡುತ್ತದೆ, ಇಲ್ಲವೇ ಅದನ್ನು ತಪ್ಪಿಸಲು ತಂತಿಯನ್ನೇ ಎತ್ತರಿಸಬೇಕು, ಆಗ ಬೆರಳು ಸೋಲುತ್ತದೆ. ಎಲ್ಲವನ್ನೂ ಸಮತಟ್ಟಾಗಿ ಉಜ್ಜಿ, ನೆತ್ತಿಯನ್ನು ಮತ್ತೆ ದುಂಡಗೆ ಮಾಡಿ, ತುದಿಗಳನ್ನು ಕೈಗೆ ಚುಚ್ಚದಂತೆ ಅರದಲ್ಲಿ ತೀಡಿ ಮೆರುಗು ಕೊಡಲು ನುರಿತ ಕೈಗೂ ಗಂಟೆಗಟ್ಟಲೆ ಬೇಕು. ಮರ ಚೆನ್ನಾಗಿ ಒಣಗಿರದಿದ್ದರೆ ಬೇಸಿಗೆಯಲ್ಲಿ ಕತ್ತು ಕುಗ್ಗಿ ಆ ತುದಿಗಳು ಮತ್ತೆ ಹೊರಚಾಚುತ್ತವೆ. ತಂತಿ ಹಾಯುವ ನಟ್‌ನ ತೋಡುಗಳೂ ಹೀಗೇ. ಬಿಗಿಯಾದರೆ ತಂತಿ ಸಿಕ್ಕಿಕೊಂಡು ಶ್ರುತಿ ತಪ್ಪುತ್ತದೆ. ದುಬಾರಿ ಗಿಟಾರಿಗೆ ಕೊಡುವ ಹಣದಲ್ಲಿ ನ್ಯಾಯವಾದ ಪಾಲು ಈ ಕೆಲಸಕ್ಕೆ, ಜೊತೆಗೆ ಜಾರದ ಬಿರಡೆ, ಗಟ್ಟಿ ಲೋಹದ ಕುದುರೆಗೆ.

ಮರದ ಮಾತು ಬೇರೆ. ಬ್ರೆಜಿಲ್‌ನ ರೋಸ್‌ವುಡ್ ವಿರಳವಾದಂತೆ ಫಿಂಗರ್‌ಬೋರ್ಡುಗಳಿಗೆ ನಮ್ಮ ಪಶ್ಚಿಮ ಘಟ್ಟಗಳಲ್ಲೂ ಬೆಳೆಯುವ ಬೀಟೆ ಬಂತು. 2011ರಲ್ಲಿ ಅಮೆರಿಕದ ಅಧಿಕಾರಿಗಳು ಗಿಬ್ಸನ್ ಕಾರ್ಖಾನೆಗಳ ಮೇಲೆ ದಾಳಿ ಮಾಡಿ ಜಪ್ತಿ ಮಾಡಿದ್ದರಲ್ಲಿ ಭಾರತದ ಬೀಟೆ, ಕರಿಮರದ ತುಂಡುಗಳೂ ಇದ್ದವು. 2017ರಲ್ಲಿ ಬೀಟೆಯ ಇಡೀ ಕುಲ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಬಂತು. ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರಲ್ಲಿ. ಹೀಗೆ ಅಭಾವವೂ ಕಾನೂನೂ ಬೆಲೆಗೆ ಸೇರಿಕೊಳ್ಳುತ್ತವೆ. ಬೀಟೆಯ ನುಣುಪು ಬೆರಳಿಗೆ ಹಿತ, ನಿಜ. ಆಂಪ್ಲಿಫೈಯರ್ ದಾಟಿಬಂದ ಸದ್ದಿನಲ್ಲಿ ಮರವನ್ನು ಗುರುತಿಸಬಲ್ಲೆವೆಂಬ ಮಾತನ್ನು ನಾನಂತೂ ನಂಬುವುದಿಲ್ಲ.

ಹೆಸರಿನ ಬೆಲೆಗೆ ಮಿತಿಯಿಲ್ಲ. ರಾಕ್ ವಾದಕ ಡೇವಿಡ್ ಗಿಲ್ಮೋರ್‌ನ ಕಪ್ಪು ಸ್ಟ್ರಾಟೋಕಾಸ್ಟರ್ 2019ರ ಹರಾಜಿನಲ್ಲಿ 39.75 ಲಕ್ಷ ಡಾಲರಿಗೆ ಹೋಯಿತು. ಅದರ ಕತ್ತು, ಪಿಕಪ್ಪುಗಳು ಹಲವು ಸಲ ಬದಲಾಗಿದ್ದವು. ಹೆಸರಾಗಲು ದುಬಾರಿ ಮರವೂ ಬೇಕಿಲ್ಲ. ಕ್ವೀನ್ ತಂಡದ ಬ್ರಯಾನ್ ಮೇ ನುಡಿಸುವ ಗಿಟಾರು ಹದಿಹರೆಯದಲ್ಲಿ ತಂದೆಯ ಜೊತೆ ಸೇರಿ ತಾನೇ ಮಾಡಿಕೊಂಡದ್ದು; ಅದರ ಕತ್ತು ಹಳೆಯ ಅಗ್ಗಿಷ್ಟಿಕೆಯ ಮರ, ಸ್ಪ್ರಿಂಗುಗಳು ಹಳೆಯ ಮೋಟಾರ್‌ಸೈಕಲ್ಲಿನವು.

ನೀವು ಅಂಗಡಿಗೆ ಹೋದರೆ ಮೊದಲು ಆಂಪ್ಲಿಫೈಯರ್‌ಗೆ ಜೋಡಿಸದೆ ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್‌ನಲ್ಲೂ ನುಡಿಸಿ. ಕತ್ತಿನ ಅಂಚಿನ ಮೇಲೆ ಅಂಗೈ ಸವರಿ. ತಂತಿಯನ್ನು ಜಗ್ಗಿ ಬಿಟ್ಟು, ಶ್ರುತಿ ಹಿಂತಿರುಗಿತೇ ನೋಡಿ. ಈ ಮೂರರಲ್ಲಿ ಪಾಸಾದ ಮಧ್ಯಮ ಬೆಲೆಯ ಗಿಟಾರು ಸಾಕು. ಮಿಕ್ಕ ಹಣವನ್ನು ಒಳ್ಳೆಯ ಆಂಪ್ಲಿಫೈಯರ್‌ಗೆ ಹಾಕಿ.