ಗುರುತಿನ ಬಿಲ್ಲೆಯ ಸಾಕ್ಷ್ಯ: ಬಸವಕಲ್ಯಾಣ, ಹುಮನಾಬಾದ್ ಪರಿಸರದ ಯೋಧರು

ಚಾಲುಕ್ಯ ಚಕ್ರವರ್ತಿಗಳ ರಾಜಧಾನಿಯಾಗಿದ್ದ ಕಲ್ಯಾಣದ ವಿಷಯದಲ್ಲಿ ಶಿಲಾಶಾಸನಗಳಿಗೆ ಕೊರತೆಯಿಲ್ಲ. ಆದರೆ ಅದೇ ನೆಲದಿಂದ ಮಹಾಯುದ್ಧಗಳಿಗೆ ಹೋದ ಸಾಮಾನ್ಯ ಸಿಪಾಯಿಗೆ ಉಳಿದಿರಬಹುದಾದ ಶಾಸನವೆಂದರೆ ಕೊರಳಿನ ಗುರುತಿನ ಬಿಲ್ಲೆಯೊಂದೇ. ಹಳೆಯ ಮನೆಗಳಲ್ಲಿ ಅಂಥದು ದೊರೆತಲ್ಲಿ ಅದನ್ನು ಓದುವ ಬಗೆಯನ್ನು ಇಲ್ಲಿ ವಿಚಾರಿಸುತ್ತೇವೆ.

ಬ್ರಿಟಿಷ್ ಸೈನ್ಯವು 1907ರಲ್ಲಿ ಅಲ್ಯೂಮಿನಿಯಮ್ ಬಿಲ್ಲೆಯನ್ನು ಬಳಕೆಗೆ ತಂದಿತು. ಸತ್ತವನ ಒಂದೇ ಬಿಲ್ಲೆಯನ್ನು ತೆಗೆದುಕೊಂಡರೆ ಶವಕ್ಕೆ ಗುರುತೇ ಉಳಿಯುತ್ತಿರಲಿಲ್ಲವಾದುದರಿಂದ 1916ರಲ್ಲಿ ಎರಡು ಬಿಲ್ಲೆಗಳ ಪದ್ಧತಿ ಬಂದಿತು. ಹಸುರು ಬಣ್ಣದ ಎಂಟುಮೂಲೆಯದು ಶವದೊಡನೆ ಉಳಿಯಬೇಕು. ಕೆಂಪಾದ ದುಂಡನೆಯದನ್ನು ವರದಿಗಾಗಿ ತೆಗೆಯಬೇಕು. ಆದುದರಿಂದ ಈ ಮಾದರಿಯ ಎರಡೂ ಬಿಲ್ಲೆಗಳು ಒಂದೇ ದಾರದಲ್ಲಿ ಮನೆಯಲ್ಲಿದ್ದರೆ ಧರಿಸಿದವನು ಜೀವಂತವಾಗಿ ಮರಳಿರುವ ಸಂಭವವೇ ಹೆಚ್ಚು. ಕೆಂಪು ಬಿಲ್ಲೆಯೊಂದೇ ಇದ್ದರೆ ಅಷ್ಟರಿಂದ ಏನನ್ನೂ ನಿರ್ಣಯಿಸಲಾಗದು.

ನಿಜವಾದ ತೊಡಕು ‘ಹೈದರಾಬಾದ್’ ಎಂಬ ಶಬ್ದದಲ್ಲಿದೆ. ಬಿಲ್ಲೆಯ ಮೇಲಾಗಲಿ ಜೊತೆಯ ಕಾಗದಗಳಲ್ಲಾಗಲಿ ಈ ಹೆಸರನ್ನು ಕಂಡೊಡನೆ ಯೋಧನು ನಿಜಾಮನ ಸೈನಿಕನೆಂದು ತಿಳಿಯುವುದು ದುಡುಕು. 1922ರಲ್ಲಿ ರೂಪುಗೊಂಡ 19ನೆಯ ಹೈದರಾಬಾದ್ ರೆಜಿಮೆಂಟು ಭಾರತ ಸರಕಾರದ ಸೈನ್ಯಕ್ಕೆ ಸೇರಿದುದು. ಹಳೆಯ ಹೈದರಾಬಾದ್ ಕಂಟಿಂಜೆಂಟಿನ ನೆನಪಷ್ಟೇ ಅದರ ಹೆಸರಿನಲ್ಲಿತ್ತು. ಅದರ ಜವಾನರು ಬಹುಮಟ್ಟಿಗೆ ಕುಮಾಊನಿಗಳು, ಅಹೀರರು, ಜಾಟರು. 1945ರಲ್ಲಿ ಅದು ಕುಮಾಊಂ ರೆಜಿಮೆಂಟೆನಿಸಿತು. (ಕೊಡಗಿನ ತಿಮ್ಮಯ್ಯನವರು ಅಧಿಕಾರಿಯಾಗಿದ್ದುದು ಈ ರೆಜಿಮೆಂಟಿನಲ್ಲಿಯೇ.) ನಿಜಾಮನ ಸ್ವಂತ ಪಡೆಗಳು ಬೇರೆ. ಅವನ ಅಶ್ವದಳವು ಮೊದಲ ಯುದ್ಧದಲ್ಲಿ ಮೈಸೂರು, ಜೋಧಪುರದ ದಳಗಳೊಡನೆ ಈಜಿಪ್ಟ್, ಪ್ಯಾಲಸ್ತೀನ್‌ಗಳಲ್ಲಿತ್ತು. ದಿಲ್ಲಿಯ ತೀನ್‌ಮೂರ್ತಿ ಸ್ಮಾರಕದ ಒಂದು ಮೂರ್ತಿ ಅದರದು. 1ನೆಯ ಹೈದರಾಬಾದ್ ಪದಾತಿದಳವು 1941ರ ಡಿಸೆಂಬರಿನಲ್ಲಿ ಮಲಯದ ಕೋಟಾ ಬಾರುವಿನ ವಿಮಾನನೆಲೆಯನ್ನು ಕಾಯುತ್ತಿತ್ತು. ಜಪಾನೀಯರು ಇಳಿದುದು ಆ ತೀರದಲ್ಲಿಯೇ. ಅದೇ ಕಾಲದಲ್ಲಿ 19ನೆಯ ರೆಜಿಮೆಂಟಿನ 4ನೆಯ ಬೆಟಾಲಿಯನ್ನೂ ಮಲಯದಲ್ಲಿತ್ತೆಂಬುದು ಗೊಂದಲವನ್ನು ಇಮ್ಮಡಿಸುತ್ತದೆ! ಎರಡಕ್ಕೂ ‘ಹೈದರಾಬಾದ್’ ಎಂದೇ ಹೆಸರು. ಎರಡರ ದಾಖಲೆಗಳು ಬೇರೆ ಬೇರೆ.

ಸ್ಥಳನಾಮಗಳ ವಿಷಯದಲ್ಲಿಯೂ ಎಚ್ಚರ ಬೇಕು. ಯುದ್ಧಕಾಲದ ಪಟ್ಟಿಗಳಲ್ಲಿ ‘ಬಸವಕಲ್ಯಾಣ’ವನ್ನು ಹುಡುಕುವುದು ವ್ಯರ್ಥ, ಊರು ಆಗ ನವಾಬರ ಜಹಗೀರಾದ ‘ಕಲ್ಯಾಣಿ’. ಹುಮನಾಬಾದು ಇಂಗ್ಲಿಷ್ ಗ್ರಂಥಗಳಲ್ಲಿ ‘ಹೋಮ್ನಾಬಾದ್’ ಎಂದೂ ಕಾಣುತ್ತದೆ. ಸಂಸ್ಥಾನದ ಕಾಗದಪತ್ರಗಳು ಉರ್ದುವಿನಲ್ಲಿದ್ದು, ಆ ಲಿಪಿಯಲ್ಲಿ ಹ್ರಸ್ವಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲವಾಗಿ, ನಮ್ಮ ಬಸಪ್ಪ, ಶರಣಪ್ಪಗಳು ರೋಮನ್ ಲಿಪಿಗೆ ಇಳಿಯುವಾಗ ಗುರುತುಸಿಗದಂತಾಗುತ್ತವೆ. ಕಾಲಗಣನೆ ಫಸಲಿಯದು: 1351ನೆಯ ಫಸಲಿಯೆಂದರೆ 1941ರ ಅಕ್ಟೋಬರಿನಿಂದ ಆರಂಭವಾದ ವರ್ಷ. ಕೋಟಾ ಬಾರು, ಸಿಂಗಾಪುರ ಎರಡೂ ಬಿದ್ದುದು ಆ ಒಂದೇ ವರ್ಷದಲ್ಲಿ.

ಮರಳಿ ಬಾರದವರಿಗಾಗಿ ಸಿಂಗಾಪುರದ ಕ್ರಾಂಜಿಯಲ್ಲಿರುವ ಸ್ಮಾರಕವನ್ನು ನೋಡಬೇಕು. ಸಮಾಧಿ ತಿಳಿಯದ 24,000ಕ್ಕೂ ಮಿಕ್ಕ ಹೆಸರುಗಳು ಅಲ್ಲಿವೆ. ಯುದ್ಧಸಮಾಧಿ ಆಯೋಗದ ದಾಖಲೆಯಲ್ಲಿ ಎಷ್ಟೋ ಕಡೆ ತಂದೆಯ ಹೆಸರೂ ಊರೂ ದೊರೆಯುತ್ತವೆ. ಬಿಲ್ಲೆಯ ಸಂಖ್ಯೆಯನ್ನು ಮೊದಲು ಅದರೊಡನೆ ತಾಳೆನೋಡಿ, ಬಳಿಕ ತಂದೆಯ ಹೆಸರನ್ನು ಪರಿಶೀಲಿಸುವುದು ಕ್ರಮ. ‘ಹೈದರಾಬಾದ್’ ಎಂದಷ್ಟೇ ಇದ್ದರೆ ಅದು ದಖ್ಖನಿನದೋ ಸಿಂಧ್ ಪ್ರಾಂತದ್ದೋ ಎಂಬುದನ್ನೂ ನೋಡಿಕೊಳ್ಳಬೇಕಾಗುತ್ತದೆ.