ತಲೆಸುತ್ತಿಗೆ ಕಣ್ಣೇ ಸಾಕ್ಷಿ

ತಲೆ ಸುತ್ತಿದರೆ ನಮ್ಮ ಮನೆಗಳಲ್ಲಿ ಮೊದಲು ಕೇಳುವ ಮಾತು ‘ಪಿತ್ತ ಆಗಿದೆ’. ಆಮೇಲೆ ಬಿ.ಪಿ., ನಿಶ್ಶಕ್ತಿ, ಕತ್ತಿನ ಮೂಳೆ ಸವೆತ. ಕಿವಿಯ ನೆನಪಾಗುವುದು ಕಟ್ಟಕಡೆಗೆ. ವೈದ್ಯಲೋಕವೂ ಕಿವಿಯ ಬಳಿ ಬಂದದ್ದು ತಡವಾಗಿಯೇ. ಮಿದುಳಿಗೆ ರಕ್ತ ನುಗ್ಗಿ ತಲೆ ಸುತ್ತುತ್ತದೆಂದು ನಂಬಿ ಯುರೋಪಿನ ವೈದ್ಯರು ರೋಗಿಯ ರಕ್ತ ತೆಗೆಯುತ್ತಿದ್ದ ಕಾಲವಿತ್ತು. 1861ರಲ್ಲಿ ಪ್ಯಾರಿಸ್‌ನ ಕಿವುಡರ ಸಂಸ್ಥೆಯ ವೈದ್ಯ ಪ್ರಾಸ್ಪರ್ ಮೆನಿಯೇರ್, ಈ ಕಾಯಿಲೆ ಒಳಕಿವಿಯಿಂದಲೂ ಬರಬಲ್ಲದೆಂದು ವಾದಿಸಿದರು. ಒಳಕಿವಿಯ ನಾಳ ಕತ್ತರಿಸಿದ ಪಾರಿವಾಳ ಗಿರಗಿರ ಸುತ್ತುವುದನ್ನು ಫ್ರೆಂಚ್ ವಿಜ್ಞಾನಿ ಫ್ಲೂರೆನ್ಸ್ ಅದಕ್ಕೂ ಮೊದಲೇ ತೋರಿಸಿದ್ದರು. ಮೆನಿಯೇರ್ ಮರುವರ್ಷವೇ ತೀರಿಕೊಂಡರು.

ಮುಂದಿನ ಹೆಜ್ಜೆ ವಿಯೆನ್ನಾದ್ದು. ಕಿವಿಗೆ ತಣ್ಣೀರು ಹಾಯಿಸಿದರೆ ತಲೆ ಸುತ್ತಿ ಕಣ್ಣುಗುಡ್ಡೆ ಒಂದು ಕಡೆಗೆ ಎಗರುತ್ತದೆ, ಬಿಸಿನೀರಾದರೆ ಇನ್ನೊಂದು ಕಡೆಗೆ. ಇದನ್ನು ಗಮನಿಸಿದ ಅಲ್ಲಿನ ವೈದ್ಯ ರಾಬರ್ಟ್ ಬಾರಾನಿ ಅದರಿಂದಲೇ ಒಂದು ಪರೀಕ್ಷೆಯನ್ನು ಕಟ್ಟಿದರು. 1914ರ ನೊಬೆಲ್ ಅವರಿಗೆ ಬಂದಾಗ ಅವರು ರಷ್ಯಾದಲ್ಲಿ ಯುದ್ಧಕೈದಿ.

ನನಗೆ ಈ ಚರಿತ್ರೆಯಲ್ಲಿ ಅತಿ ಮುಖ್ಯವೆನಿಸುವುದು ಹರಳುಗಳ ಕಥೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ, ಅಟ್ಟದತ್ತ ತಲೆಯೆತ್ತಿದರೆ ಲೋಕವೆಲ್ಲ ತಿರುಗಿ, ನಿಮಿಷದೊಳಗೆ ನಿಲ್ಲುತ್ತದಲ್ಲ, ಆ ಬಗೆಯ ತಲೆಸುತ್ತಿನದು. 1952ರಲ್ಲಿ ಲಂಡನ್ನಿನ ಡಿಕ್ಸ್ ಮತ್ತು ಹಾಲ್‌ಪೈಕ್ ಇದನ್ನು ಪತ್ತೆಮಾಡುವ ಕ್ರಮವನ್ನು ವಿವರಿಸಿದರು: ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ರೋಗಿಯನ್ನು ಸರ್ರನೆ ಹಿಂದಕ್ಕೆ ಮಲಗಿಸಿ, ಕಣ್ಣು ನೋಡುವುದು. ಒಳಕಿವಿಯ ಸುಣ್ಣದ ಹರಳುಗಳು ಜಾಗ ತಪ್ಪಿ ನಾಳಕ್ಕೆ ಬಿದ್ದು, ಅಲ್ಲಿನ ದ್ರವವನ್ನು ಕದಡುವುದೇ ಕಾರಣ ಎಂಬುದು ಆಮೇಲೆ ಸ್ಪಷ್ಟವಾಯಿತು. ಹಾಗಾದರೆ ಹರಳನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಉರುಳಿಸಬಾರದೇಕೆ? ಅಮೆರಿಕದ ಜಾನ್ ಎಪ್ಲಿ ಹಾಗೆಯೇ ಮಾಡಿದರು. ತಲೆಯನ್ನು ಹಂತಹಂತವಾಗಿ ಹೊರಳಿಸುವುದಷ್ಟೇ, ಮಾತ್ರೆಯಿಲ್ಲ, ಕತ್ತರಿಯಿಲ್ಲ. 1980ರ ಸುಮಾರಿಗೆ ತೋರಿಸಿದಾಗ ಸಹವೈದ್ಯರೇ ನಂಬಲಿಲ್ಲ. ಲೇಖನ ಅಚ್ಚಾದದ್ದು 1992ರಲ್ಲಿ. ಇಂದು ಜಗತ್ತಿನೆಲ್ಲೆಡೆ ಇದೇ ಚಿಕಿತ್ಸೆ. ಎಷ್ಟೋ ಜನರಿಗೆ ಒಂದೇ ಸಲಕ್ಕೆ ಗುಣ ಕಾಣುತ್ತದೆ. ಹೀಗಿದ್ದೂ ತಿಂಗಳುಗಟ್ಟಲೆ ತಲೆಸುತ್ತಿನ ಮಾತ್ರೆ ನುಂಗುವವರನ್ನು ಕಂಡರೆ ಸಂಕಟವಾಗುತ್ತದೆ. ಆ ಮಾತ್ರೆಗಳಲ್ಲಿ ಹಲವು ಸುತ್ತನ್ನು ಅದುಮುತ್ತವೆ, ಹರಳನ್ನು ಕದಲಿಸುವುದಿಲ್ಲ.

ಎಲ್ಲ ತಲೆಸುತ್ತೂ ಹರಳಿನದಲ್ಲ. ಮೈಗ್ರೇನ್‌ನಿಂದಲೂ ಬರುತ್ತದೆ, ನರದ ಉರಿಯೂತದಿಂದಲೂ ಬರುತ್ತದೆ. ದಿನವಿಡೀ ಬಿಡದ ಸುತ್ತಿನ ಹಿಂದೆ ಕಿರುಮೆದುಳಿನ ಪಾರ್ಶ್ವವಾಯು ಅಡಗಿರಬಹುದು. ಮೊದಲ ದಿನದ ಎಂಆರ್‌ಐಯಲ್ಲೂ ಅದು ಕಾಣದೆ ಹೋಗುವುದುಂಟು. ತಲೆಯನ್ನು ಥಟ್ಟನೆ ತಿರುಗಿಸಿದಾಗ ನೋಟ ನಿಲ್ಲುತ್ತದೆಯೇ, ಕಣ್ಣು ಯಾವ ಕಡೆಗೆ ಎಗರುತ್ತದೆ, ಎರಡು ಕಣ್ಣೂ ಒಂದೇ ಮಟ್ಟದಲ್ಲಿವೆಯೇ ಎಂಬ ಮೂರನ್ನೇ ನೋಡಿದ ಪಳಗಿದ ವೈದ್ಯರು ಮೊದಲ ಸ್ಕ್ಯಾನಿಗಿಂತ ಚೆನ್ನಾಗಿ ಪಾರ್ಶ್ವವಾಯು ಹಿಡಿದರೆಂದು 2009ರ ಒಂದು ಅಧ್ಯಯನ ತೋರಿಸಿತು. ಬಾರಾನಿ ನೋಡಿದ್ದೂ ಕಣ್ಣನ್ನೇ.

ವೈದ್ಯರ ಬಳಿ ಬರೀ ‘ತಲೆಸುತ್ತು’ ಎನ್ನಬೇಡಿ. ಲೋಕ ತಿರುಗುತ್ತದೆಯೇ, ಎದ್ದಾಗ ಕಣ್ಣು ಕತ್ತಲೆ ಬರುತ್ತದೆಯೇ, ಎಷ್ಟು ಹೊತ್ತು ಇರುತ್ತದೆ, ಯಾವ ಮಗ್ಗುಲಿಗೆ ಬರುತ್ತದೆ, ಬಿಡಿಸಿ ಹೇಳಿ. ಜೊತೆಗೆ ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ನಿಲ್ಲಲೇ ಆಗದಿದ್ದರೆ, ಪಿತ್ತದ ಕಷಾಯಕ್ಕೆ ಕಾಯದೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.