ಕಲ್ಪಿತ ಯಂತ್ರದ ಇತಿಹಾಸ

೧

ವಾಣಿಜ್ಯ ಸಂಸ್ಥೆಗಳ ಗಣಕ ವಿಭಾಗಗಳಲ್ಲಿ ಇಂದು ‘ಕ್ಲೌಡ್’ ಎಂಬ ಮಾತು ಕೇಳಿಬರದ ದಿನವಿಲ್ಲ. ಸಂಸ್ಥೆಯೊಂದು ತನಗೆ ಬೇಕಾದ ಗಣಕಶಕ್ತಿಯನ್ನು ಸ್ವಂತ ಯಂತ್ರಗಳಿಂದ ಪಡೆಯದೆ, ದೂರದಲ್ಲಿರುವ ಬೇರೊಬ್ಬರ ಯಂತ್ರಗಳಿಂದ, ಬಳಸಿದಷ್ಟಕ್ಕೆ ಬಾಡಿಗೆ ತೆತ್ತು ಪಡೆಯುವ ಪದ್ಧತಿಗೆ ಆ ಹೆಸರು. ಇದು ಇಪ್ಪತ್ತೊಂದನೆಯ ಶತಮಾನದ ಹೊಸ ಸೃಷ್ಟಿಯೆಂಬ ಭಾವನೆ ನಮ್ಮ ಪಾಠಪ್ರವಚನಗಳಲ್ಲಿಯೂ ರೂಢವಾಗಿದೆ. ಈ ಭಾವನೆ ಸರಿಯಲ್ಲವೆಂಬುದನ್ನೂ, ಇದಕ್ಕೆ ಆಧಾರವಾದ ಉಪಾಯವೊಂದು ಎರಡು ಬೇರೆ ಕಾಲಗಳಲ್ಲಿ ಎರಡು ವಿರುದ್ಧ ಕಾರಣಗಳಿಂದ ಬಳಕೆಗೆ ಬಂದಿತೆಂಬುದನ್ನೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಆ ಉಪಾಯವೆಂದರೆ ವರ್ಚುವಲ್ ಮಷೀನ್. ಇಲ್ಲಿ ಅದನ್ನು ಕಲ್ಪಿತ ಯಂತ್ರವೆಂದು ಕರೆದಿದೆ. ಒಂದೇ ಗಣಕದ ಮೇಲೆ ಅನೇಕ ಗಣಕಗಳಿರುವಂತೆ ತೋರಿಸಿ, ಪ್ರತಿಯೊಬ್ಬ ಬಳಕೆದಾರನಿಗೂ ಇಡೀ ಯಂತ್ರ ತನ್ನದೇ ಎಂಬ ಅನುಭವವನ್ನು ಕೊಡುವುದು ಇದರ ತಿರುಳು.

೨

೧೯೫೦ರ ದಶಕದಲ್ಲಿ ಗಣಕವೆಂದರೆ ಬಹು ದುಬಾರಿಯಾದ ವಸ್ತು. ಸಂಶೋಧಕನು ರಂಧ್ರಮಾಡಿದ ಕಾರ್ಡುಗಳ ಕಟ್ಟನ್ನು ಒಪ್ಪಿಸಿ, ಗಂಟೆಗಟ್ಟಲೆ, ಕೆಲವೊಮ್ಮೆ ಮರುದಿನದವರೆಗೂ, ಫಲಿತಾಂಶಕ್ಕಾಗಿ ಕಾದಿರಬೇಕಾಗಿತ್ತು. ಒಂದು ಅಲ್ಪವಿರಾಮ ತಪ್ಪಿದ್ದರೂ ಮತ್ತೆ ಮೊದಲಿನಿಂದ ಅದೇ ಕ್ರಮ. ಯಂತ್ರದ ಕಾಲವನ್ನು ಉಳಿಸಲು ಮನುಷ್ಯನ ಕಾಲವನ್ನು ತೆರಲಾಗುತ್ತಿತ್ತು.

ಈ ಕೊರತೆಯನ್ನು ನೀಗಲು ಹುಟ್ಟಿದುದು ಕಾಲಹಂಚಿಕೆಯ ವಿಧಾನ. ಒಬ್ಬನು ಯೋಚಿಸುತ್ತ ಕುಳಿತ ಗಳಿಗೆಯಲ್ಲಿ ಯಂತ್ರಕ್ಕೆ ಇತರರ ಕೆಲಸ ಮಾಡುವಷ್ಟು ಬಿಡುವಿರುತ್ತದೆ. ಆ ಬಿಡುವನ್ನು ಸಣ್ಣ ತುಣುಕುಗಳಾಗಿ ಹಂಚಿದರೆ ಅನೇಕರು ಏಕಕಾಲದಲ್ಲಿ ಯಂತ್ರವನ್ನು ಬಳಸಬಹುದು. ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ ೧೯೬೧ರ ನವೆಂಬರಿನಲ್ಲಿ ಇದನ್ನು ಪ್ರಯೋಗದಿಂದ ತೋರಿಸಿತು. ಅದೇ ವರ್ಷ ಆ ಸಂಸ್ಥೆಯ ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ಜಾನ್ ಮೆಕಾರ್ಥಿ ಅವರು, ದೂರವಾಣಿಯಂತೆ ಗಣನೆಯೂ ಒಂದು ದಿನ ಸಾರ್ವಜನಿಕ ಸೇವೆಯಾಗಿ ಏರ್ಪಡಬಹುದೆಂದು ಸೂಚಿಸಿದರು. ಇಂದಿನ ಕ್ಲೌಡಿನ ಕಲ್ಪನೆ ಸ್ಥೂಲವಾಗಿ ಇದೇ.

ಕಲ್ಪಿತ ಯಂತ್ರವು ರೂಪುಗೊಂಡುದು ಎಂ.ಐ.ಟಿ.ಯ ನೆರೆಯಲ್ಲಿಯೇ ಇದ್ದ ಐ.ಬಿ.ಎಂ. ಕಂಪೆನಿಯ ಕೇಂಬ್ರಿಜ್ ವೈಜ್ಞಾನಿಕ ಕೇಂದ್ರದಲ್ಲಿ. ಅದೂ ಒಂದು ಸೋಲಿನ ಹಿನ್ನೆಲೆಯಲ್ಲಿ. ಐ.ಬಿ.ಎಂ. ೧೯೬೪ರ ಏಪ್ರಿಲ್ ೭ರಂದು ಪ್ರಕಟಿಸಿದ ಸಿಸ್ಟಂ/೩೬೦ ಎಂಬ ಗಣಕಶ್ರೇಣಿಯಲ್ಲಿ, ಕಾಲಹಂಚಿಕೆಗೆ ಅಗತ್ಯವಾದ ಸ್ಮೃತಿವಿಳಾಸಗಳ ಪರಿವರ್ತನೆಯ ಏರ್ಪಾಡು ಇರಲಿಲ್ಲ. ಈ ಕಾರಣದಿಂದ ಎಂ.ಐ.ಟಿ.ಯವರು ತಮ್ಮ ಹೊಸ ಯೋಜನೆಗೆ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಯಂತ್ರವನ್ನು ಆರಿಸಿಕೊಂಡರು. ಕಳೆದುಕೊಂಡ ಮನ್ನಣೆಯನ್ನು ಮರಳಿ ಪಡೆಯಲು ಐ.ಬಿ.ಎಂ. ಟಿ.ಎಸ್.ಎಸ್./೩೬೦ ಎಂಬ ಬೃಹತ್ ವ್ಯವಸ್ಥೆಯ ನಿರ್ಮಾಣಕ್ಕೆ ತೊಡಗಿತು. ಇದೇ ವೇಳೆ, ೧೯೬೪ರ ಕೊನೆಯಲ್ಲಿ, ಕೇಂಬ್ರಿಜ್ ಕೇಂದ್ರದಲ್ಲಿ ರಾಬರ್ಟ್ ಕ್ರೀಸಿ ಅವರ ಮುಂದಾಳುತನದ ಚಿಕ್ಕ ತಂಡವೊಂದು ಸಿ.ಪಿ.-೪೦ ಎಂಬ ಪ್ರಯೋಗವನ್ನು ಕೈಗೊಂಡಿತು.

ಈ ತಂಡದ ವಿವೇಕ ಗಮನಾರ್ಹವಾದುದು. ಅನೇಕರಿಗೆ ಸೇವೆ ಸಲ್ಲಿಸುವ ಒಂದೇ ಜಟಿಲ ವ್ಯವಸ್ಥೆಯನ್ನು ಅವರು ಕಟ್ಟಲಿಲ್ಲ. ಕೆಲಸವನ್ನು ಎರಡಾಗಿ ಸೀಳಿದರು. ಕೆಳಗಿನ ನಿಯಂತ್ರಕ ಪ್ರೋಗ್ರಾಮಿನ ಕೆಲಸ ಯಂತ್ರದ ಪ್ರತಿರೂಪಗಳನ್ನು ಒದಗಿಸುವುದು ಮಾತ್ರ. ಒಂದೊಂದು ಪ್ರತಿರೂಪದೊಳಗೂ ಒಬ್ಬನೇ ಬಳಕೆದಾರನಿಗೆಂದು ರಚಿಸಿದ ಸರಳವಾದ ವ್ಯವಸ್ಥೆ ನಡೆಯುತ್ತಿತ್ತು. ಅದಕ್ಕೆ ಇತರರ ಇರವೇ ತಿಳಿಯದು. ಒಂದು ಕಲ್ಪಿತ ಯಂತ್ರ ಕೆಟ್ಟು ನಿಂತರೂ ನೆರೆಯ ಯಂತ್ರಕ್ಕೆ ಬಾಧೆಯಿಲ್ಲ. ೧೯೬೭ರ ಆರಂಭದಲ್ಲಿ, ವಿಶೇಷವಾಗಿ ಮಾರ್ಪಡಿಸಿದ ಒಂದೇ ಗಣಕದ ಮೇಲೆ ಹದಿನಾಲ್ಕು ಕಲ್ಪಿತ ಯಂತ್ರಗಳು ನಿತ್ಯದ ಬಳಕೆಗೆ ಬಂದವು. ಬಹುಜನರ ಶ್ರಮವನ್ನು ನುಂಗಿದ ಟಿ.ಎಸ್.ಎಸ್./೩೬೦ ಕೊನೆಗೆ ೧೯೭೧ರಲ್ಲಿ ಕೈಬಿಡಲ್ಪಟ್ಟಿತು. ಚಿಕ್ಕ ತಂಡದ ಕೃತಿ ೧೯೭೨ರ ಆಗಸ್ಟ್ ೨ರಂದು ವಿ.ಎಂ./೩೭೦ ಎಂಬ ಹೆಸರಿನಿಂದ ಕಂಪೆನಿಯ ಅಧಿಕೃತ ಸರಕಾಯಿತು. ಅದರ ಸಂತತಿ ಐ.ಬಿ.ಎಂ.ನ ದೊಡ್ಡ ಗಣಕಗಳಲ್ಲಿ ಇಂದಿಗೂ ಬಳಕೆಯಲ್ಲಿದೆ.

೩

೧೯೭೪ರಲ್ಲಿ ಜೆರಾಲ್ಡ್ ಪೊಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಅವರು ಈ ವಿದ್ಯೆಗೆ ಶಾಸ್ತ್ರದ ಚೌಕಟ್ಟನ್ನು ಒದಗಿಸಿದರು. ಕಲ್ಪಿತ ಯಂತ್ರ ನಿಜವಾದ ಯಂತ್ರದಂತೆಯೇ ವರ್ತಿಸಬೇಕು. ವೇಗ ಹೆಚ್ಚಾಗಿ ಕುಂದಬಾರದು. ಸಂಪನ್ಮೂಲಗಳ ಹಿಡಿತ ನಿಯಂತ್ರಕನ ಕೈ ತಪ್ಪಬಾರದು. ಯಂತ್ರದ ಸ್ಥಿತಿಯನ್ನು ಮುಟ್ಟುವ ಆಜ್ಞೆಗಳೆಲ್ಲವೂ, ಅಧಿಕಾರವಿಲ್ಲದ ಪ್ರೋಗ್ರಾಂ ಅವುಗಳನ್ನು ಬಳಸಿದೊಡನೆ ನಿಯಂತ್ರಕನಿಗೆ ಸುದ್ದಿ ಮುಟ್ಟಿಸುವಂತಿದ್ದರೆ ಇದು ಸಾಧ್ಯವೆಂದು ಅವರು ಸಿದ್ಧಪಡಿಸಿದರು.

ಆದರೆ ಶಾಸ್ತ್ರ ಸಿದ್ಧವಾದ ಮೇಲೆ ಪ್ರಯೋಜನದ ಕಾಲ ಹಿಂದೆ ಸರಿಯಿತು. ಗಣಕ ಅಗ್ಗವಾಗಿ ಪ್ರತಿಯೊಂದು ಮೇಜಿನ ಮೇಲೂ ಬಂದು ಕುಳಿತಾಗ, ಒಂದನ್ನು ಹಲವರು ಹಂಚಿಕೊಳ್ಳುವ ಅಗತ್ಯ ಕಾಣಲಿಲ್ಲ. ಸಣ್ಣ ಗಣಕಗಳಲ್ಲಿ ವ್ಯಾಪಕವಾದ ಇಂಟೆಲ್ ಮಾದರಿಯ ಸಂಸ್ಕಾರಕವಂತೂ ಮೇಲೆ ಹೇಳಿದ ನಿಯಮವನ್ನು ಪಾಲಿಸುತ್ತಿರಲಿಲ್ಲ. ಪೆಂಟಿಯಂನಲ್ಲಿ ಇಂತಹ ೧೭ ಆಜ್ಞೆಗಳಿವೆಯೆಂದು ೨೦೦೦ದ ಒಂದು ಅಧ್ಯಯನ ಗುರುತಿಸಿದೆ. ಇವು ದೂರು ಕೊಡದೆ ಸುಮ್ಮನೆ ಬೇರೆ ಫಲವನ್ನು ಕೊಡುವ ಆಜ್ಞೆಗಳು.

೪

ಅಗ್ಗದ ಯಂತ್ರಗಳು ಬೇರೊಂದು ತೊಡಕನ್ನು ತಂದವು. ಒಂದು ಪ್ರೋಗ್ರಾಂ ಇನ್ನೊಂದನ್ನು ಕೆಡಿಸೀತೆಂಬ ಭಯದಿಂದ ಸಂಸ್ಥೆಗಳು ಒಂದೊಂದು ಕಾರ್ಯಕ್ಕೂ ಒಂದೊಂದು ಸರ್ವರನ್ನು ಕೊಂಡವು. ಸರ್ವರುಗಳ ಸಾಲು ಬೆಳೆಯಿತು. ಅವುಗಳ ಬಹುಭಾಗದ ಶಕ್ತಿ ವ್ಯರ್ಥವಾಗಿ, ವಿದ್ಯುತ್ತನ್ನೂ ಸ್ಥಳವನ್ನೂ ಮಾತ್ರ ಕಬಳಿಸುತ್ತಿತ್ತು. ೧೯೬೪ರಲ್ಲಿ ಯಂತ್ರ ತೀರ ವಿರಳವಾದುದರಿಂದ ಹಂಚಬೇಕಾಯಿತು. ೧೯೯೮ರಲ್ಲಿ ಯಂತ್ರಗಳು ತೀರ ಹೆಚ್ಚಿದುದರಿಂದ ಹಂಚಬೇಕಾಯಿತು. ರೋಗಗಳು ಒಂದಕ್ಕೊಂದು ವಿರುದ್ಧ. ಔಷಧ ಮಾತ್ರ ಒಂದೇ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಮೆಂಡೆಲ್ ರೋಸೆನ್‌ಬ್ಲಮ್, ಡಯೇನ್ ಗ್ರೀನ್ ಮೊದಲಾದವರು ೧೯೯೮ರಲ್ಲಿ ವಿಎಂವೇರ್ ಕಂಪೆನಿಯನ್ನು ಸ್ಥಾಪಿಸಿದರು. ಸುದ್ದಿ ಕೊಡದ ಆಜ್ಞೆಗಳನ್ನು, ಪ್ರೋಗ್ರಾಂ ನಡೆಯುತ್ತಿರುವಂತೆಯೇ, ಅಪಾಯವಿಲ್ಲದ ಆಜ್ಞೆಗಳಾಗಿ ಭಾಷಾಂತರಿಸುವುದು ಅವರು ಕಂಡುಕೊಂಡ ದಾರಿ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ೨೦೦೩ರಲ್ಲಿ ಹೊರಬಂದ ಜೆನ್, ಆಪರೇಟಿಂಗ್ ಸಿಸ್ಟಮನ್ನೇ ತುಸು ತಿದ್ದಿ ಅದೇ ಗುರಿಯನ್ನು ಮುಟ್ಟಿತು. ೨೦೦೫-೦೬ರಲ್ಲಿ ಇಂಟೆಲ್ ಮತ್ತು ಎ.ಎಂ.ಡಿ. ಕಂಪೆನಿಗಳು ಸಂಸ್ಕಾರಕದಲ್ಲಿಯೇ ಈ ಕೊರತೆಯನ್ನು ತುಂಬಿದವು.

ಇಷ್ಟಾದ ಮೇಲೆ ಬಾಡಿಗೆಯ ವ್ಯಾಪಾರಕ್ಕೆ ಉಳಿದುದು ಒಂದು ಹೆಜ್ಜೆ. ಅಮೆಜಾನ್ ಕಂಪೆನಿ ೨೦೦೬ರ ಆಗಸ್ಟಿನಲ್ಲಿ, ಜೆನ್ ಆಧಾರದ ಕಲ್ಪಿತ ಯಂತ್ರಗಳನ್ನು ಗಂಟೆಗೆ ಹತ್ತು ಸೆಂಟಿನಂತೆ ಬಾಡಿಗೆಗೆ ಕೊಡಲಾರಂಭಿಸಿತು. ಮೆಕಾರ್ಥಿಯವರ ಸೂಚನೆ ನಲವತ್ತೈದು ವರ್ಷಗಳ ತರುವಾಯ ಬೆಲೆಪಟ್ಟಿಯಾಗಿ ಪರಿಣಮಿಸಿತು.

೫

ಬಾಡಿಗೆಯೂ ಹೊಸದಲ್ಲ. ೧೯೫೬ರ ನ್ಯಾಯಾಲಯದ ತೀರ್ಪು ಬರುವವರೆಗೆ ಐ.ಬಿ.ಎಂ. ತನ್ನ ಲೆಕ್ಕದ ಯಂತ್ರಗಳನ್ನು ಮಾರುತ್ತಿರಲಿಲ್ಲ, ಬಾಡಿಗೆಗೆ ಮಾತ್ರ ಕೊಡುತ್ತಿತ್ತು. ಭಾರತದಲ್ಲಿಯೂ ಅದರ ವ್ಯವಹಾರ ಬಹುಮಟ್ಟಿಗೆ ಬಾಡಿಗೆಯದೇ. ವಿದೇಶೀ ಬಂಡವಾಳದ ಪಾಲನ್ನು ತಗ್ಗಿಸಲು ಒಪ್ಪದೆ ೧೯೭೮ರಲ್ಲಿ ಅದು ದೇಶವನ್ನು ಬಿಟ್ಟಾಗ, ಅದರ ಯಂತ್ರಗಳ ಪಾಲನೆಯ ಹೊಣೆಯನ್ನು ಸರ್ಕಾರದ ಸಿ.ಎಂ.ಸಿ. ಸಂಸ್ಥೆ ಹೊರಬೇಕಾಯಿತು. ಹೊರಲು ಸಾಧ್ಯವಾದುದು ಯಂತ್ರಗಳು ಈ ನೆಲದ ಮೇಲೆ ಇದ್ದುದರಿಂದ. ಕ್ಲೌಡಿನ ಬಾಡಿಗೆದಾರನಿಗೆ ಆ ಅನುಕೂಲವೂ ಇಲ್ಲ. ಸ್ವಂತ ಕಟ್ಟಡದಲ್ಲಿ ಯಂತ್ರವನ್ನು ಇಟ್ಟುಕೊಂಡವನೂ ಪೂರ್ಣವಾಗಿ ಸ್ವತಂತ್ರನಲ್ಲ: ೨೦೨೩ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಕಂಪೆನಿ ವಿಎಂವೇರನ್ನು ಕೊಂಡು, ಮರುತಿಂಗಳೇ ಶಾಶ್ವತ ಪರವಾನಗಿಗಳ ಮಾರಾಟವನ್ನು ನಿಲ್ಲಿಸಿ, ಅವಧಿಯ ಚಂದಾ ಪದ್ಧತಿಯನ್ನು ಮಾತ್ರ ಉಳಿಸಿತು.

ಇದರಿಂದ ಕ್ಲೌಡ್ ತ್ಯಾಜ್ಯವೆಂದು ಹೇಳಿದಂತಾಗುವುದಿಲ್ಲ. ಬಂಡವಾಳವಿಲ್ಲದ ಸಣ್ಣ ಸಂಸ್ಥೆಗೆ ದೊಡ್ಡ ಯಂತ್ರದ ಬಲವನ್ನು ಒಂದು ಗಂಟೆಯ ಮಟ್ಟಿಗೆ ಕೊಡುವ ಶಕ್ತಿ ಅದಕ್ಕಿದೆ. ಇದು ಸಣ್ಣ ಉಪಕಾರವಲ್ಲ. ಆದರೆ ಪೊಪೆಕ್ ಮತ್ತು ಗೋಲ್ಡ್‌ಬರ್ಗ್ ಅವರ ಮೂರನೆಯ ನಿಯಮವನ್ನು ವಿದ್ಯಾರ್ಥಿಗಳು ಮರೆಯಬಾರದು. ಸಂಪನ್ಮೂಲಗಳ ಹಿಡಿತ ಕಲ್ಪಿತ ಯಂತ್ರದ ಬಳಕೆದಾರನಲ್ಲಿ ಇರುವುದಿಲ್ಲ, ಅದರ ಕೆಳಗಿನ ನಿಯಂತ್ರಕನಲ್ಲಿರುತ್ತದೆ. ಅವರು ಇದನ್ನು ಪ್ರೋಗ್ರಾಮುಗಳ ವಿಷಯವಾಗಿ ಹೇಳಿದರು. ಸಂಸ್ಥೆಗಳ ವಿಷಯದಲ್ಲಿಯೂ ಅದು ಅಷ್ಟೇ ನಿಜ. ಕಲ್ಪಿತ ಯಂತ್ರಗಳು ಎಷ್ಟೇ ಇರಲಿ, ಅವುಗಳ ಕೆಳಗೆ ಎಲ್ಲಿಯೋ ಒಂದು ನಿಜವಾದ ಯಂತ್ರ ಇರಲೇಬೇಕು. ಅದು ಯಾರ ವಶದಲ್ಲಿದೆ, ಎಂತಹ ಕರಾರಿನ ಮೇಲಿದೆ ಎಂಬುದನ್ನು ವಿಚಾರಿಸಿದ ಬಳಿಕವೇ ಬಾಡಿಗೆಯ ಲೆಕ್ಕಕ್ಕೆ ಕೈಹಾಕುವುದು ಉಚಿತ.